ಹಚ್ಚೆಯ ಚಿತ್ರ ಆರಿಸುವ ಮುನ್ನ

"ದೊಡ್ಡಮ್ಮ, ನೀವಾದ್ರೂ ಅಮ್ಮನಿಗೆ ಒಂದು ಮಾತು ಹೇಳಿ. ಮುಂದಿನ ವಾರವೇ ಹಾಕಿಸ್ಕೋಬೇಕು ಅಂತಿದೀನಿ" ಎನ್ನುತ್ತ ತಂಗಿಯ ಮಗಳು ನನ್ನ ಮುಂದೆ ಕೈ ಚಾಚಿದಳು. ನಿಶ್ಚಿತಾರ್ಥವಾಗಿ ಇನ್ನೂ ಹದಿನೈದು ದಿನ. ಮಣಿಕಟ್ಟಿನ ಮೇಲೆ ಹುಡುಗನ ಹೆಸರನ್ನು ಹಚ್ಚೆ ಹಾಕಿಸಿಕೊಳ್ಳುವ ಆಸೆ ಅವಳಿಗೆ. "ಅಳಿಸಿದರೂ ಹೋಗದ್ದು ಯಾಕೆ ಬೇಕೇ?" ಎಂದು ಅವಳಮ್ಮನ ಗೊಣಗಾಟ.

ನನಗೆ ನೆನಪಾದದ್ದು ನಮ್ಮ ಅಜ್ಜಿಯ ಕೈ.

ಹಿಂದೆ ನಮ್ಮ ಹಳ್ಳಿಗಳಲ್ಲಿ ಹಚ್ಚೆಯಿಲ್ಲದ ಹೆಂಗಸರ ಕೈ ಅಪರೂಪ. ಕೊರವಂಜಿ ಬಾಗಿಲಿಗೆ ಬಂದು, ಕಾಡಿಗೆಯನ್ನು ಸೊಪ್ಪಿನ ರಸದಲ್ಲಿ ಕಲಸಿ, ಹಾಡು ಹೇಳುತ್ತ ಸೂಜಿಯಿಂದ ಚುಚ್ಚುತ್ತಿದ್ದಳು. ಮೇಲೆ ಅರಿಶಿನ ಮೆತ್ತುತ್ತಿದ್ದಳು. ಒಂಬತ್ತು ವರ್ಷದ ಅಜ್ಜಿಯನ್ನು ಇಬ್ಬರು ಹಿಡಿದು ಕೂರಿಸಿ ಬಲಗೈಗೆ ತುಳಸಿಕಟ್ಟೆ ಹಾಕಿಸಿದ್ದರಂತೆ. ಮದುವೆಯಾದ ಮೇಲೆ ಜಾತ್ರೆಯಲ್ಲಿ ಎಡಗೈಗೆ ತಾತನ ಹೆಸರು ಬರೆಸಿದರು. ಅಜ್ಜಿಗೆ ಓದು ಬರುತ್ತಿರಲಿಲ್ಲ. ಮೂರನೇ ಕ್ಲಾಸಿನಲ್ಲಿದ್ದ ನಾನು ಒಂದು ದಿನ ಅದನ್ನು ಕೂಡಿಸಿ ಓದಿ, "ಅಜ್ಜೀ, ಇದ್ರಲ್ಲಿ ಒತ್ತೇ ಇಲ್ಲ, ತಪ್ಪು ಬರೆದಿದಾರೆ" ಅಂದುಬಿಟ್ಟೆ. ಅಜ್ಜಿ ಕೈ ತಿರುಗಿಸಿ ತಿರುಗಿಸಿ ನೋಡಿಕೊಂಡಳು. "ಹೌದಾ ಮಗ? ನಲವತ್ತು ವರ್ಷದಿಂದ ಹೊತ್ಕೊಂಡು ತಿರುಗಿದೀನಿ. ಆಗ ನನ್ನನ್ನ ಯಾರು ಕೇಳಿದ್ರು?" ಎಂದಳು. ಆಮೇಲೆ ಆ ಕೈಯನ್ನು ಸೆರಗಿನಿಂದ ಮುಚ್ಚಿಕೊಳ್ಳುವುದನ್ನು ಎಷ್ಟೋ ಸಲ ಕಂಡೆ. ನೆನೆದರೆ ಈಗಲೂ ಕರುಳು ಚುರ್ ಎನ್ನುತ್ತದೆ.

ಅಜ್ಜಿಯನ್ನು ಯಾರೂ ಕೇಳಲಿಲ್ಲ. ಈಗಿನ ಹುಡುಗಿಯರು ತಾವೇ ಆರಿಸಿಕೊಳ್ಳಬಲ್ಲರು. ಹಾಗಿರುವಾಗ ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ. "ಹಾಕಿಸ್ಕೋ, ಆದ್ರೆ ಆರು ತಿಂಗಳು ತಡಿ" ಎಂದೆ. ಅವಳಿಗೆ ಹೇಳಿದ್ದನ್ನೇ ಇಲ್ಲಿ ನಿಮಗೂ ಹೇಳುತ್ತಿದ್ದೇನೆ.

ಮೊದಲು ಕಾಗದದ ಮೇಲೆ

ಬೇಸರವಾದ ಸೀರೆಯನ್ನು ಬೀರುವಿನಲ್ಲಿಟ್ಟುಬಿಡಬಹುದು. ಹಚ್ಚೆ ಹಾಗಲ್ಲ. ಮೇಲಿನ ಚರ್ಮ ಸವೆದು ಹೊಸದಾಗುತ್ತಲೇ ಇರುತ್ತದೆ. ಹಚ್ಚೆಯ ಬಣ್ಣ ಕೂರುವುದು ಅದರ ಕೆಳಪದರದಲ್ಲಿ. ಲೇಸರ್‌ನಿಂದ ತೆಗೆಸಬಹುದು, ನಿಜ. ಆದರೆ ವಾರಗಟ್ಟಲೆ ಬಿಡುವು ಕೊಟ್ಟು ಹಲವು ಸಲ ಮಾಡಿಸಬೇಕು. ಹಣವೂ ಹೋಗುತ್ತದೆ, ನೋವೂ ತಪ್ಪದು. ಕಪ್ಪು ಬಣ್ಣ ಸುಲಭವಾಗಿ ಹೋದೀತು; ಹಸಿರು, ಹಳದಿ ಮೊಂಡು. ಒಮ್ಮೊಮ್ಮೆ ಕಲೆ ಉಳಿದೇಬಿಡುತ್ತದೆ.

ಅದಕ್ಕೇ ಚಿತ್ರವನ್ನು ಬರೆದು ಬೀರುವಿನ ಬಾಗಿಲ ಒಳಗೆ ಅಂಟಿಸಿ, ದಿನಾ ನೋಡಿ. ಅದೇ ಜಾಗದಲ್ಲಿ ಪೆನ್ನಿನಿಂದಲೋ ಗೋರಂಟಿಯಿಂದಲೋ ಬರೆದುಕೊಂಡು ಓಡಾಡಿ. ಆರು ತಿಂಗಳಾದರೂ ಬೇಸರ ಬಾರದಿದ್ದರೆ ಅದು ನಿಮ್ಮದೇ ಚಿತ್ರ.

ಅಕ್ಷರವಾದರೆ ಎರಡು ಸಲ ಓದಿ

ಹಚ್ಚೆ ಹಾಕುವವರಿಗೆ ಕನ್ನಡ ಬಾರದೆ ಇರಬಹುದು. "ಅಮ್ಮ" ಎಂಬುದರ ಒತ್ತು ಬಿಟ್ಟರೆ "ಅಮ" ಆಯಿತಲ್ಲ! ನೀವೇ ದೊಡ್ಡದಾಗಿ ಬರೆದುಕೊಡಿ. ಸೂಜಿ ಹಿಡಿಯುವ ಮುಂಚೆ ಚರ್ಮದ ಮೇಲೆ ಒತ್ತುವ ಅಚ್ಚನ್ನು ಜೊತೆಗೆ ಬಂದವರಿಂದಲೂ ಓದಿಸಿ. ವರ್ಷಗಳು ಕಳೆದಂತೆ ಗೆರೆಗಳು ಕೊಂಚ ಹರಡಿಕೊಳ್ಳುತ್ತವೆ. ತೀರಾ ಸಣ್ಣಗೆ ಬರೆಸಿದರೆ ನಮ್ಮ ದುಂಡಕ್ಷರಗಳ ಹೊಟ್ಟೆ ಮುಚ್ಚಿಹೋದೀತು.

ಯಾವ ಜಾಗ?

ಹೊಟ್ಟೆಯ ಮೇಲಿನ ಚಿತ್ರ ಬಸಿರಿನಲ್ಲಿ ಹಿಗ್ಗಿ ರೂಪ ಕೆಡಬಹುದು. ಸೇನೆ, ಅರೆಸೇನಾ ಪಡೆಗಳ ಕೆಲಸದ ಆಸೆಯಿದ್ದರೆ, ದೇಹದ ಯಾವ ಭಾಗದಲ್ಲಿ ಹಚ್ಚೆ ಇರಬಹುದು ಎಂಬ ನಿಯಮವನ್ನು ಮೊದಲೇ ಓದಿಕೊಳ್ಳಿ.

ಸೂಜಿಯ ವಿಷಯದಲ್ಲಿ ಸಂಕೋಚ ಬೇಡ

ಒಬ್ಬರಿಗೆ ಬಳಸಿದ ಸೂಜಿಯಿಂದ ಇನ್ನೊಬ್ಬರಿಗೆ ಹೆಪಟೈಟಿಸ್ ಬಿ, ಸಿ ಮತ್ತು ಎಚ್‌ಐವಿ ಹರಡಬಹುದು. ಹೊಸ ಸೂಜಿಯ ಪೊಟ್ಟಣವನ್ನು ನಿಮ್ಮೆದುರಿಗೇ ಒಡೆಯಲಿ, ಬಣ್ಣವನ್ನು ಹೊಸ ಬಟ್ಟಲಿಗೆ ಸುರಿಯಲಿ, ಕೈಗೆ ಗ್ಲೌಸ್ ಇರಲಿ. ಬಸುರಿಯರು, ಹಾಲೂಡಿಸುವ ತಾಯಂದಿರು ಮುಂದೂಡುವುದೇ ಲೇಸು. ಸಕ್ಕರೆ ಕಾಯಿಲೆ ಇದ್ದವರು, ಗಾಯದ ಗುರುತು ಉಬ್ಬಿ ಬೆಳೆಯುವವರು ವೈದ್ಯರನ್ನು ಕೇಳಲಿ. ಹಾಕಿಸಿಕೊಂಡ ಮೇಲೆ ಒಂದು ವರ್ಷ ರಕ್ತದಾನ ಮಾಡುವಂತಿಲ್ಲ, ನೆನಪಿರಲಿ.

ನನ್ನ ಮಾತಿಗೆ ಹುಡುಗಿ ಮುಖ ಊದಿಸಿಕೊಂಡೇ ಹೋದಳು. ಐದು ತಿಂಗಳಾಯಿತು, ಮದುವೆಯೂ ಆಯಿತು. ಮೊನ್ನೆ ಅವಳ ಮನೆಗೆ ಹೋದಾಗ ಬೀರುವಿನಲ್ಲಿ ಮೂರನೆಯ ಚಿತ್ರ ಅಂಟಿತ್ತು. "ನನ್ನ ಹೆಸರು ಮೊದಲನೇ ತಿಂಗಳೇ ಹೋಯ್ತು ದೊಡ್ಡಮ್ಮ!" ಎಂದು ಅಳಿಯಂದಿರು ನಕ್ಕರು.

ನೋಡಿದರೆ, ಚುಕ್ಕೆ ಚುಕ್ಕೆಯ ತುಳಸಿಕಟ್ಟೆ. ಅಜ್ಜಿಯ ಬಲಗೈಯದೇ, ಹಳೆಯ ಫೋಟೋ ನೋಡಿ ಬರೆದುಕೊಂಡಿದ್ದಾಳೆ. "ಇದಕ್ಕೆ ಮೂರು ತಿಂಗಳಾಯ್ತು, ಇನ್ನೂ ಬೇಸರ ಬಂದಿಲ್ಲ" ಎಂದಳು.

"ಇನ್ನು ಮೂರು ತಿಂಗಳು ಇರಲಿ" ಎಂದೆ. ಹಾಕಿಸುವ ದಿನ ಜೊತೆಗೆ ನಾನೂ ಹೋಗುತ್ತೇನೆ.