ರಸ್ತೆಯ ತಗ್ಗು ಮತ್ತು ಬಾಳಿಕೆಯ ತೇಪೆ

ಹಳಗನ್ನಡದಲ್ಲಿ ದಾರಿಗೆ ‘ಬಟ್ಟೆ’ ಎಂಬ ಹೆಸರುಂಟು. ಇಂದಿನ ಬಳಕೆಯಲ್ಲಿ ಬಟ್ಟೆಯೆಂದರೆ ಉಡುವ ವಸ್ತ್ರ. ಅರ್ಥಗಳು ಬೇರೆಯಾದರೂ ಎರಡಕ್ಕೂ ಒಂದು ಧರ್ಮ ಸಮಾನವಾಗಿದೆ. ಎರಡೂ ಸವೆಯುತ್ತವೆ, ಎರಡೂ ಹರಿಯುತ್ತವೆ, ಎರಡಕ್ಕೂ ತೇಪೆ ಬೇಕಾಗುತ್ತದೆ. ಕೌದಿ ಹೊಲಿಯುವ ಮುದುಕಿಯು ಹರಕಿನ ಮೇಲೆ ಅರಿವೆಯ ತುಂಡನ್ನು ಸುಮ್ಮನೆ ಇಟ್ಟು ಹೊಲಿಯುವುದಿಲ್ಲ. ಜೀರ್ಣವಾದ ಅಂಚನ್ನು ಕತ್ತರಿಸಿ, ಗಟ್ಟಿಯಾದ ಅರಿವೆ ಸಿಕ್ಕುವವರೆಗೆ ಸರಿದು, ಅಲ್ಲಿಂದ ಸೂಜಿ ಹಾಕುತ್ತಾಳೆ. ಮನೆಯ ಮೂಲೆಯಲ್ಲಿ ಕುಳಿತ ಆ ಹಿರಿಯಳಿಗೆ ತಿಳಿದಿರುವ ಈ ನ್ಯಾಯವನ್ನು ರಸ್ತೆಯ ಕೆಲಸದಲ್ಲಿ ಮರೆತುದರಿಂದಲೇ ಮುಂಗಾರಿನಲ್ಲಿ ತುಂಬಿದ ತಗ್ಗು ಹಿಂಗಾರಿನಲ್ಲಿ ಮತ್ತೆ ಬಾಯಿ ತೆರೆಯುತ್ತದೆ.

ಬಬಲೇಶ್ವರವು ವಿಜಯಪುರದಿಂದ ಜಮಖಂಡಿಯ ಕಡೆಗೆ ಸಾಗುವ ಮಾರ್ಗದಲ್ಲಿದೆ. ಸಾರವಾಡದ ಬಳಿ ಡೋಣಿಯನ್ನು ದಾಟಿ ಬರುವ ಈ ಸೀಮೆಯ ನೆಲ ಬಹುಪಾಲು ಎರೆಭೂಮಿ. ಬಿಳಿಜೋಳಕ್ಕೆ ಹೆಸರಾದ ಈ ಮಣ್ಣು ಒಕ್ಕಲಿಗನಿಗೆ ಎಷ್ಟು ಉಪಕಾರಿಯೋ ರಸ್ತೆ ಕಟ್ಟುವವನಿಗೆ ಅಷ್ಟೇ ಪರೀಕ್ಷಕ. ಶಾಲೆಗೆ ಸೈಕಲ್ಲಿನ ಮೇಲೆ ಬರುವ ಬಾಲಕ, ಹೆರಿಗೆಗೆ ಜಿಲ್ಲಾ ಆಸ್ಪತ್ರೆಗೆ ಹೊರಟ ಹೆಣ್ಣುಮಗಳು, ಕತ್ತಲಲ್ಲಿ ಕಬ್ಬಿನ ಗಾಡಿಯ ಹಿಂದೆ ಮೋಟಾರ್ ಸೈಕಲ್ ನಡೆಸುವ ತರುಣ, ಇವರೆಲ್ಲರ ಕ್ಷೇಮವು ಒಂದು ಮೊಳ ಅಗಲದ ತಗ್ಗನ್ನು ಹೇಗೆ ಮುಚ್ಚಲಾಯಿತು ಎಂಬುದನ್ನು ಅವಲಂಬಿಸಿದೆ. ಕೇಂದ್ರ ಸರ್ಕಾರದ ಸಾರಿಗೆ ಸಚಿವಾಲಯದ ಲೆಕ್ಕದಂತೆ ರಸ್ತೆಗುಂಡಿಗಳ ನಿಮಿತ್ತ 2022ನೆಯ ಇಸವಿಯೊಂದರಲ್ಲಿಯೇ ದೇಶದಲ್ಲಿ 1,856 ಜನ ಪ್ರಾಣ ಕಳೆದುಕೊಂಡರು. ಆದುದರಿಂದ ತೇಪೆಯ ವಿದ್ಯೆಯನ್ನು ಕ್ಷುಲ್ಲಕವೆಂದು ಬಗೆಯಲಾಗದು.

ರಸ್ತೆಯ ಒಡಲು

ಡಾಂಬರು ರಸ್ತೆಯೆಂದರೆ ಕಣ್ಣಿಗೆ ಕಾಣುವ ಕರಿಯ ಹೊದಿಕೆಯಷ್ಟೇ ಅಲ್ಲ. ಎಲ್ಲಕ್ಕಿಂತ ಕೆಳಗೆ ಸಹಜವಾದ ನೆಲ, ಅದರ ಮೇಲೆ ಗರಸು, ಗರಸಿನ ಮೇಲೆ ಖಡಿ, ಖಡಿಯ ಮೇಲೆ ಡಾಂಬರಿನ ಪದರ ಎಂದು ಅದಕ್ಕೆ ಹಲವು ಅಂತಸ್ತುಗಳುಂಟು. ಗಾಲಿಯ ಭಾರ ಮೇಲಿನಿಂದ ಇಳಿಯುತ್ತ ಹೋದಂತೆ ಹರಡಿಕೊಂಡು ಹಗುರವಾಗುತ್ತದೆ. ಕಟ್ಟಕಡೆಗೆ ಅದನ್ನು ಹೊರುವುದು ನೆಲವೇ. ಖಡಿ ರಸ್ತೆಗೆ ತನ್ನ ಹೆಸರನ್ನೇ ಕೊಟ್ಟುಹೋದ ಸ್ಕಾಟ್ಲೆಂಡಿನ ಜಾನ್ ಮೆಕಾಡಮ್ (1756–1836) ಈ ಸೂಕ್ಷ್ಮವನ್ನು ಚೆನ್ನಾಗಿ ಅರಿತಿದ್ದನು. ನೆಲವನ್ನು ಒಣಗಿದ ಸ್ಥಿತಿಯಲ್ಲಿ ಕಾಪಾಡಿದರೆ ಅದು ಯಾವ ಭಾರವನ್ನಾದರೂ ಹೊರಬಲ್ಲದು, ರಸ್ತೆಯ ಮೇಲ್ಪದರವು ನೆಲಕ್ಕೆ ಸೂರಿನಂತೆ ಇರಬೇಕು ಎಂಬುದು ಆತನ ಸಿದ್ಧಾಂತದ ಸಾರ. ಎರಡು ಶತಮಾನಗಳು ಕಳೆದರೂ ಈ ಮಾತು ಹುಸಿಯಾಗಿಲ್ಲ.

ಜನರು ಡಾಂಬರು ಎಂದು ಕರೆಯುವ ವಸ್ತುವಿನ ವಿಷಯದಲ್ಲಿಯೂ ಒಂದು ಮಾತು ಹೇಳತಕ್ಕದ್ದಿದೆ. ಹಿಂದೆ ಕಲ್ಲಿದ್ದಲಿನಿಂದ ಬರುತ್ತಿದ್ದ ಟಾರ್ ಬೇರೆ, ಇಂದು ರಸ್ತೆಗೆ ಬಳಸುವ, ಕಚ್ಚಾ ಎಣ್ಣೆಯನ್ನು ಶೋಧಿಸಿದಾಗ ತಳದಲ್ಲಿ ಉಳಿಯುವ ಬಿಟುಮೆನ್ ಬೇರೆ. ಭೂಮಿಯಿಂದ ತಾನಾಗಿ ಒಸರುವ ಬಿಟುಮೆನ್ ಮನುಷ್ಯನಿಗೆ ಬಹು ಪ್ರಾಚೀನ ಕಾಲದಿಂದ ಪರಿಚಿತ. ಮೊಹೆಂಜೊದಾರೊ ನಗರದ ಮಹಾಸ್ನಾನಕುಂಡದಿಂದ ನೀರು ಸೋರದಂತೆ ಅದರ ಪದರವನ್ನು ಹಾಕಿದ್ದರು. ನೀರನ್ನು ತಡೆಯುವುದು ಇದರ ಗುಣ. ಆದರೆ ಒದ್ದೆಯಾದ ಅಥವಾ ಧೂಳು ಹಿಡಿದ ಕಲ್ಲಿಗೆ ಇದು ಅಂಟಿಕೊಳ್ಳದು. ತೇಪೆಯ ಯಶಸ್ಸು ಮತ್ತು ಅಪಜಯಗಳೆರಡೂ ಈ ಗುಣದೋಷಗಳಲ್ಲಿ ಅಡಗಿವೆ.

ತಗ್ಗು ಹುಟ್ಟುವ ಬಗೆ

ತಗ್ಗು ಒಂದೇ ದಿನದಲ್ಲಿ ಹುಟ್ಟುವುದಿಲ್ಲ. ಬಿಸಿಲು ಗಾಳಿಗಳಿಂದ ಡಾಂಬರು ಮುಪ್ಪಾಗಿ ಬಿರುಸಾಗುತ್ತದೆ. ಮೊದಲು ಕೂದಲೆಳೆಯಂಥ ಬಿರುಕು ಕಾಣಿಸುತ್ತದೆ. ಮಳೆ ಬಂದಾಗ ನೀರು ಬಿರುಕಿನೊಳಗೆ ಇಳಿದು ಗರಸನ್ನು ನೆನೆಸುತ್ತದೆ. ಮೇಲೆ ಗಾಲಿ ಹಾಯ್ದಾಗ ಒಳಗಿನ ನೀರು ಒತ್ತಡಕ್ಕೆ ಸಿಕ್ಕು ಪಿಚಕಾರಿಯಂತೆ ಹೊರಕ್ಕೆ ಚಿಮ್ಮುತ್ತದೆ. ಚಿಮ್ಮುವಾಗ ಖಡಿಯ ಸಂದಿನ ಸಣ್ಣ ಪುಡಿಯನ್ನು ಹೊತ್ತೊಯ್ಯುತ್ತದೆ. ಒಳಗೆ ಪೊಳ್ಳಾಗುತ್ತದೆ. ಮೇಲಿನ ಹೊದಿಕೆ ಮೊಸಳೆಯ ಬೆನ್ನಿನಂತೆ ತುಂಡುತುಂಡಾಗಿ ಒಡೆದು, ಕೊನೆಗೊಂದು ದಿನ ಒಂದು ಹೆಂಟೆ ಕಿತ್ತುಹೋಗುತ್ತದೆ. ಜನ ನೋಡುವುದು ಈ ಕೊನೆಯ ದಿನವನ್ನು ಮಾತ್ರ.

ಎರೆನೆಲದಲ್ಲಿ ಇದಕ್ಕೆ ಇನ್ನೊಂದು ಕಾರಣ ಕೂಡಿಕೊಳ್ಳುತ್ತದೆ. ದಖ್ಖಣದ ಕರಿಗಲ್ಲು ಸವೆದು ಆದ ಈ ಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಜೇಡಿಯ ಅಂಶ ಅಧಿಕ. ಅದರ ಹಾಳೆಹಾಳೆಯಾದ ಕಣಗಳ ನಡುವೆ ನೀರು ಸೇರಿದರೆ ಮಣ್ಣು ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ಬೇಸಗೆಯಲ್ಲಿ ಹೊಲದ ಬಿರುಕಿನೊಳಗೆ ಕೋಲು ಇಳಿಯುವುದನ್ನು ಈ ಸೀಮೆಯ ಮಕ್ಕಳೆಲ್ಲ ಕಂಡಿದ್ದಾರೆ. ಅದೇ ಮಣ್ಣು ರಸ್ತೆಯ ಕೆಳಗೂ ಇದೆ. ವರ್ಷಕ್ಕೊಮ್ಮೆ ಏರಿ ಇಳಿಯುವ ನೆಲದ ಮೇಲೆ ಹೊದಿಕೆ ಬಿರಿಯದೆ ಏನು ಮಾಡೀತು? ಇಲ್ಲಿಯ ವಾರ್ಷಿಕ ಮಳೆ ಸುಮಾರು 600 ಮಿಲಿಮೀಟರಿನ ಆಸುಪಾಸಿನದು. ಮಲೆನಾಡಿಗೆ ಹೋಲಿಸಿದರೆ ಅತ್ಯಲ್ಪ. ಆದರೂ ರಸ್ತೆ ಕೆಡುವುದಕ್ಕೆ ಮಳೆಯ ಮೊತ್ತಕ್ಕಿಂತ ನೆನೆಯುವ ಮತ್ತು ಒಣಗುವ ಈ ಆವರ್ತನವೇ ಹೆಚ್ಚು ಕಾರಣ.

ಮೂರನೆಯ ಕಾರಣ ಭಾರ. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ 1958ರಿಂದ 1960ರವರೆಗೆ ನಡೆದ ದೊಡ್ಡ ರಸ್ತೆ ಪರೀಕ್ಷೆಯಿಂದ ಒಂದು ಲೆಕ್ಕ ಹೊರಬಿದ್ದಿತು: ಅಚ್ಚಿನ ಭಾರ ಹೆಚ್ಚಿದಂತೆ ರಸ್ತೆಯ ಹಾನಿಯು ಸುಮಾರಾಗಿ ಅದರ ನಾಲ್ಕನೆಯ ಘಾತದಂತೆ ಏರುತ್ತದೆ. ಭಾರ ಇಮ್ಮಡಿಯಾದರೆ ಹಾನಿ ಹದಿನಾರು ಮಡಿ. ಭಾರತದಲ್ಲಿ ನಾಲ್ಕು ಗಾಲಿಗಳ ಒಂದು ಅಚ್ಚಿಗೆ ಇದ್ದ 10.2 ಟನ್ನಿನ ಮಿತಿಯನ್ನು 2018ರಲ್ಲಿ 11.5 ಟನ್ನಿಗೆ ಏರಿಸಲಾಯಿತು. ಏರಿಕೆ ಅಲ್ಪವೆಂದು ತೋರಿದರೂ ಮೇಲಿನ ಲೆಕ್ಕದಂತೆ ಹಾನಿ ಒಂದೂವರೆ ಪಟ್ಟಿಗಿಂತ ಹೆಚ್ಚಾಗುತ್ತದೆ. ಮಿತಿಯನ್ನು ಮೀರಿ ಕಬ್ಬು, ಉಸುಕು, ಕಲ್ಲುಗಳನ್ನು ಹೇರಿದ ಗಾಡಿಗಳ ಮಾತನ್ನು ಬೇರೆ ಹೇಳಬೇಕಾಗಿಲ್ಲ.

ತೇಪೆ ಕೀಳುವುದೇಕೆ?

ಸಾಮಾನ್ಯವಾಗಿ ಕಾಣುವ ತೇಪೆಯ ಕೆಲಸ ಹೀಗಿರುತ್ತದೆ: ತಗ್ಗಿನಲ್ಲಿ ನಿಂತ ನೀರನ್ನು ಸಲಿಕೆಯಿಂದ ಚೆಲ್ಲುವುದು, ಕೆಸರಿನ ಮೇಲೆಯೇ ಗರಸನ್ನೋ ಆರಿದ ಡಾಂಬರು ಖಡಿಯನ್ನೋ ಸುರಿಯುವುದು, ಸಲಿಕೆಯ ಬೆನ್ನಿನಿಂದ ತಟ್ಟುವುದು, ಮುಂದಿನ ತಗ್ಗಿಗೆ ಸಾಗುವುದು. ಇದರಲ್ಲಿ ನಾಲ್ಕು ದೋಷಗಳಿವೆ. ತಳ ಒದ್ದೆಯಾಗಿರುವುದರಿಂದ ಡಾಂಬರು ಹಿಡಿಯದು. ಅಂಚು ದುರ್ಬಲವಾಗಿರುವುದರಿಂದ ತೇಪೆಯ ಪಕ್ಕದಲ್ಲಿಯೇ ಹೊಸ ತಗ್ಗು ಏಳುತ್ತದೆ. ಆರಿದ ಮಿಶ್ರಣ ಎಷ್ಟು ಬಡಿದರೂ ಅಡಕವಾಗದು. ಅಡಕವಾಗದ ತೇಪೆಯ ರಂಧ್ರಗಳಲ್ಲಿ ನೀರು ಮನೆಮಾಡಿ ಕಲ್ಲಿನಿಂದ ಡಾಂಬರನ್ನು ಸುಲಿಯುತ್ತದೆ. ಇನ್ನು ಎರೆಮಣ್ಣನ್ನೇ ತಗ್ಗಿಗೆ ತುಂಬುವುದಂತೂ ಗಾಯಕ್ಕೆ ಕೆಸರು ಮೆತ್ತಿದಂತೆ.

ಬಾಳಿಕೆಯ ಕ್ರಮ

1934ರಲ್ಲಿ ಸ್ಥಾಪಿತವಾದ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಸಂಸ್ಥೆಯು ಡಾಂಬರು ರಸ್ತೆಗಳ ಪಾಲನೆಗೆಂದು 1982ರಲ್ಲಿ ಪ್ರತ್ಯೇಕ ಸಂಹಿತೆಯನ್ನು ಹೊರಡಿಸಿ ಮುಂದೆ ಅದನ್ನು ಪರಿಷ್ಕರಿಸಿದೆ. ಬಲ್ಲವರು ಒಪ್ಪಿದ ಕ್ರಮವನ್ನು ಸಂಗ್ರಹವಾಗಿ ಹೀಗೆ ಹೇಳಬಹುದು.

ಮೊದಲನೆಯದು ಗುರುತು ಹಾಕುವುದು. ತಗ್ಗಿನ ಆಕಾರ ಹೇಗೆಯೇ ಇರಲಿ, ಸುತ್ತಲೂ ಸುಮಾರು ಒಂದು ಅಡಿಯಷ್ಟು ಗಟ್ಟಿಯಾದ ಭಾಗವೂ ಸೇರುವಂತೆ ಚೌಕವನ್ನೋ ಆಯತವನ್ನೋ ಸುಣ್ಣದಿಂದ ಬರೆಯಬೇಕು. ಎರಡನೆಯದು ಕತ್ತರಿಸುವುದು. ಗೆರೆಯ ಗುಂಟ ಗೋಡೆ ನೆಟ್ಟಗೆ ನಿಲ್ಲುವಂತೆ ಕಡಿದು, ಸಡಿಲವಾದುದೆಲ್ಲವನ್ನೂ ತೆಗೆಯಬೇಕು. ಬೋಗುಣಿಯಾಕಾರದ ತಗ್ಗಿನಲ್ಲಿ ತೇಪೆಯ ಅಂಚು ತೆಳ್ಳಗಾಗಿ ಗಾಲಿಗೆ ಸಿಕ್ಕು ಪುಡಿಯಾಗುತ್ತದೆ. ನೆಟ್ಟಗಿನ ಗೋಡೆಯಿದ್ದರೆ ತೇಪೆಗೆ ಆನಿಕೆ ದೊರೆಯುತ್ತದೆ. ಮೂರನೆಯದು ತಳದ ಪರೀಕ್ಷೆ. ಕೆಳಗಿನ ಗರಸು ಕೆಸರಾಗಿದ್ದರೆ ಅದನ್ನು ಪೂರ್ತಿ ತೆಗೆದು, ಹೊಸ ಗರಸು ಮತ್ತು ಖಡಿಯನ್ನು ಪದರ ಪದರವಾಗಿ ಹಾಕಿ ದಮ್ಮಸು ಮಾಡಬೇಕು. ಕೊಳೆತ ತಳದ ಮೇಲೆ ಎಂಥ ಡಾಂಬರು ಹಾಕಿದರೂ ವ್ಯರ್ಥ.

ನಾಲ್ಕನೆಯದು ಶುಚಿ ಮತ್ತು ಶುಷ್ಕತೆ. ಕಸಬರಿಗೆಯಿಂದಲೂ ಗಾಳಿಯಿಂದಲೂ ಧೂಳನ್ನು ಕಳೆದು ತಗ್ಗನ್ನು ಒಣಗಿಸಬೇಕು. ಐದನೆಯದು ಅಂಟುಲೇಪ. ತಳಕ್ಕೂ ನಾಲ್ಕು ಗೋಡೆಗಳಿಗೂ ಡಾಂಬರಿನ ಎಮಲ್ಷನ್ನನ್ನು ತೆಳ್ಳಗೆ ಬಳಿಯಬೇಕು. ಹಾಕಿದಾಗ ಅದು ಕಂದುಬಣ್ಣದ್ದಾಗಿರುತ್ತದೆ. ನೀರು ಆರಿ ಕಪ್ಪಾದ ಮೇಲೆಯೇ ಮಿಶ್ರಣ ಸುರಿಯತಕ್ಕದ್ದು. ಲೇಪವು ತಗ್ಗಿನಲ್ಲಿ ಮಡುಗಟ್ಟಿ ನಿಲ್ಲುವಷ್ಟು ಆಗಬಾರದು. ಹೆಚ್ಚಾದರೆ ಅದೇ ಜಾರಿಕೆಗೆ ಕಾರಣವಾಗುತ್ತದೆ.

ಆರನೆಯದು ತುಂಬುವುದು. ಈಗ ಹೆಚ್ಚಾಗಿ ಬಳಕೆಯಲ್ಲಿರುವ ವಿಜಿ-30 ದರ್ಜೆಯ ಡಾಂಬರಿನ ಬಿಸಿ ಮಿಶ್ರಣವು 150ರಿಂದ 165 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಸಿದ್ಧವಾಗುತ್ತದೆ. ಹರಡುವಾಗ ಅದು 140 ಡಿಗ್ರಿಗೆ ಕಡಿಮೆಯಿರಬಾರದು. 90 ಡಿಗ್ರಿಗೆ ಇಳಿಯುವುದರೊಳಗೆ ರೋಲರಿನ ಕೆಲಸ ಮುಗಿಯಬೇಕು. ದೂರದ ಘಟಕದಿಂದ ತಾಡಪತ್ರಿಯ ಹೊದಿಕೆಯಿಲ್ಲದೆ ಬಂದ ಮಿಶ್ರಣ ದಾರಿಯಲ್ಲಿಯೇ ತನ್ನ ಆಯುಷ್ಯವನ್ನು ಕಳೆದುಕೊಂಡಿರುತ್ತದೆ. ಆಳವಾದ ತಗ್ಗನ್ನು ಒಂದೇ ಸಲಕ್ಕೆ ತುಂಬದೆ ಪದರಗಳಾಗಿ ತುಂಬಬೇಕು. ಏಳನೆಯದು ಅಡಕ ಮಾಡುವುದು. ಅಂಚಿನಿಂದ ಒಳಕ್ಕೆ ದಮ್ಮಸು ಮಾಡುತ್ತ ಬಂದು, ಮೇಲ್ಮೈ ಸುತ್ತಲಿನ ರಸ್ತೆಗಿಂತ ಕೂದಲೆಳೆಯಷ್ಟು ಎತ್ತರವಿರುವಂತೆ ನಿಲ್ಲಿಸಬೇಕು. ಗಾಲಿಗಳ ಓಡಾಟದಿಂದ ಅದು ಸಮವಾಗುತ್ತದೆ. ಕೊನೆಗೆ ಹಳತು ಹೊಸತುಗಳ ಸಂದಿಗೆ ಡಾಂಬರು ಬಳಿದು ಉಸುಕು ಉದುರಿಸಿದರೆ ನೀರಿನ ಮೊದಲ ಬಾಗಿಲು ಮುಚ್ಚಿದಂತಾಯಿತು.

ಕಲ್ಲಿಗೆ ಡಾಂಬರು ಹಿಡಿಯುವುದೋ ಇಲ್ಲವೋ ಎಂದು ಅರಿಯಲು ಸುಲಭವಾದ ಪರೀಕ್ಷೆಯುಂಟು. ಡಾಂಬರು ಬಳಿದ ಖಡಿಯನ್ನು 40 ಡಿಗ್ರಿ ಶಾಖದ ನೀರಿನಲ್ಲಿ 24 ತಾಸು ಮುಳುಗಿಸಿಟ್ಟು ನೋಡುವುದು. ಲೇಪ ಕಳಚಿದ ಭಾಗ ನೂರಕ್ಕೆ ಐದನ್ನು ಮೀರಬಾರದು. ಹಿಡಿತವನ್ನು ಹೆಚ್ಚಿಸಲು ಹೊಸ ಉಪಾಯಗಳೂ ಬಂದಿವೆ. ಮದುರೆಯ ತ್ಯಾಗರಾಜರ್ ಇಂಜಿನಿಯರಿಂಗ್ ಕಾಲೇಜಿನ ಪ್ರಾಧ್ಯಾಪಕ ಆರ್. ವಾಸುದೇವನ್ ಅವರು ಬಿಸಿ ಖಡಿಯ ಮೇಲೆ ತ್ಯಾಜ್ಯ ಪ್ಲಾಸ್ಟಿಕ್ಕಿನ ಚೂರುಗಳನ್ನು ಕರಗಿಸಿ ಲೇಪಿಸುವ ವಿಧಾನವನ್ನು ರೂಪಿಸಿದರು. ಅದಕ್ಕಾಗಿ 2018ರಲ್ಲಿ ಅವರಿಗೆ ಪದ್ಮಶ್ರೀ ಸಂದಿತು.

ಮಳೆಗಾಲದ ತುರ್ತು

ಈ ಕ್ರಮವೆಲ್ಲ ಒಣ ಹವೆಯ ಕಾಲಕ್ಕೆ ಸಲ್ಲುತ್ತದೆ. ಸೆಪ್ಟೆಂಬರಿನ ಜಡಿಮಳೆಯಲ್ಲಿ ತಗ್ಗು ಬಿದ್ದರೆ ದೀಪಾವಳಿಯವರೆಗೆ ಕಾಯುವಂತಿಲ್ಲ. ಅಂಥ ಸಮಯಕ್ಕೆ ಚೀಲಗಳಲ್ಲಿ ಸಂಗ್ರಹಿಸಿಡಬಹುದಾದ ತಣ್ಣನೆಯ ಸಿದ್ಧ ಮಿಶ್ರಣಗಳಿವೆ. ಇವುಗಳ ಗುಣಮಟ್ಟವನ್ನೂ ಇಂಡಿಯನ್ ರೋಡ್ಸ್ ಕಾಂಗ್ರೆಸ್ 2014ರಲ್ಲಿ ನಿರ್ದೇಶಿಸಿದೆ. 1990ರ ದಶಕದಲ್ಲಿ ಅಮೆರಿಕ ಮತ್ತು ಕೆನಡಾಗಳಲ್ಲಿ ಸಾವಿರಕ್ಕೂ ಮಿಕ್ಕ ತೇಪೆಗಳನ್ನು ಹಾಕಿ ವರ್ಷಗಟ್ಟಲೆ ಕಾದು ನೋಡಿದ ಪ್ರಯೋಗವೊಂದು ಇಲ್ಲಿ ಸ್ಮರಣೀಯ. ಒಳ್ಳೆಯ ಮಿಶ್ರಣವನ್ನು ತಗ್ಗಿಗೆ ಹಾಕಿ ಲಾರಿಯ ಗಾಲಿಯಿಂದಲೇ ತುಳಿಸಿದ ತೇಪೆಗಳು, ಚೌಕವಾಗಿ ಕತ್ತರಿಸಿ ಹಾಕಿದ ದುಬಾರಿ ತೇಪೆಗಳಷ್ಟೇ ಬಾಳಿದುದು ಅಲ್ಲಿ ಕಂಡುಬಂದಿತು. ಮಿಶ್ರಣದ ಗುಣವೂ ತುಳಿತವೂ ಎಷ್ಟು ಮುಖ್ಯವೆಂಬುದಕ್ಕೆ ಇದು ಸಾಕ್ಷಿ. ಅಗ್ಗದ ಮಿಶ್ರಣ ತಂದು ಅದೇ ತಗ್ಗನ್ನು ವರ್ಷಕ್ಕೆ ಮೂರು ಸಲ ಮುಚ್ಚುವವನು ಕೂಲಿಯಲ್ಲಿಯೇ ಉಳಿತಾಯದ ಹತ್ತರಷ್ಟು ಕಳೆಯುತ್ತಾನೆ. ಆದರೆ ಎರೆನೆಲದಲ್ಲಿ ತಳವೇ ಕುಸಿದಿದ್ದರೆ ಗಾಲಿಯ ತುಳಿತವೊಂದೇ ಸಾಲದು. ಮಳೆ ನಿಂತ ಮೇಲೆ ಅದನ್ನು ಬಿಚ್ಚಿ ಕಟ್ಟಲೇಬೇಕು.

ನೀರಿಗೆ ದಾರಿ

ಇಷ್ಟೆಲ್ಲ ಮಾಡಿದರೂ ನೀರಿಗೆ ದಾರಿ ಕೊಡದಿದ್ದರೆ ತೇಪೆ ನಿಲ್ಲದು. ರಸ್ತೆಯ ನಡು ಎತ್ತರವಾಗಿ ಎರಡು ಬದಿಗೂ ಇಳಿಜಾರಿರಬೇಕು. ಒಂದು ಮೀಟರಿಗೆ ಎರಡು, ಎರಡೂವರೆ ಸೆಂಟಿಮೀಟರ್ ಇಳಿದರೆ ಸಾಕು. ಬದಿಯ ಮಣ್ಣು ರಸ್ತೆಗಿಂತ ಎತ್ತರವಾಗಿ ಬೆಳೆದರೆ ನೀರು ಅಂಚಿನಲ್ಲಿಯೇ ನಿಲ್ಲುತ್ತದೆ. ಆದುದರಿಂದ ಬದಿಯನ್ನು ಕೆತ್ತಿ, ಗಟಾರವನ್ನು ಮೋರಿಯವರೆಗೂ ಬಿಡಿಸುವುದು ಪ್ರತಿವರ್ಷ ರೋಹಿಣಿ ಮಳೆಗೆ ಮೊದಲು ಆಗತಕ್ಕ ಕೆಲಸ. ಕೂದಲೆಳೆಯ ಬಿರುಕಿಗೆ ಡಾಂಬರು ಸುರಿಯುವ ಕಾಲವೂ ಅದೇ. ಆಗ ಚಮಚೆಯಷ್ಟು ಡಾಂಬರಿನಿಂದ ಆಗುವ ಕೆಲಸಕ್ಕೆ ಆರು ತಿಂಗಳ ಬಳಿಕ ಬುಟ್ಟಿಗಟ್ಟಲೆ ಬೇಕಾಗುತ್ತದೆ.

ಈ ವಿಷಯದಲ್ಲಿ ಬಬಲೇಶ್ವರದ ಸೀಮೆಗೆ ಒಂದು ಹೊಸ ಹೊಣೆ ಬಂದಿದೆ. ಮುಳವಾಡ ಹಾಗೂ ತುಬಚಿ–ಬಬಲೇಶ್ವರ ಏತ ನೀರಾವರಿ ಯೋಜನೆಗಳಿಂದ ಕೃಷ್ಣೆಯ ನೀರು ಒಣಬೇಸಾಯದ ನೆಲಕ್ಕೆ ಹರಿದಿರುವುದು ಭಾಗ್ಯದ ಸಂಗತಿ. ಆದರೆ ಹೊಲಕ್ಕೆ ಬಿಟ್ಟ ನೀರು ಹೆಚ್ಚಾಗಿ ರಸ್ತೆಯ ಗಟಾರಕ್ಕೆ ಹರಿದರೆ, ಮಳೆಯಿಲ್ಲದ ಮಾಘಮಾಸದಲ್ಲಿಯೂ ಎರೆನೆಲ ನೆನೆದಿರುತ್ತದೆ. ಕಬ್ಬಿನ ಭಾರದ ಗಾಡಿಗಳು ಓಡುವುದೂ ಅದೇ ಕಾಲದಲ್ಲಿ. ರಸ್ತೆಯ ಬದಿಯನ್ನು ಉತ್ತು ಹೊಲಕ್ಕೆ ಸೇರಿಸಿಕೊಳ್ಳುವುದು, ಮೋರಿಯ ಬಾಯಿಗೆ ಮಣ್ಣು ಹಾಕುವುದು, ನಳದ ಸಲುವಾಗಿ ರಸ್ತೆಯನ್ನು ಅಗೆದು ಹಾಗೆಯೇ ಮುಚ್ಚುವುದು, ಇವೆಲ್ಲ ಗುತ್ತಿಗೆದಾರನ ತಪ್ಪುಗಳಲ್ಲ, ಊರವರವೇ.

ಒಳ್ಳೆಯ ರಸ್ತೆಯು ಪ್ರಜೆಯ ಹಕ್ಕೆಂದು ಕರ್ನಾಟಕದ ಉಚ್ಚ ನ್ಯಾಯಾಲಯವು 2019ರಲ್ಲಿ ಹೇಳಿದೆ. ಹಕ್ಕನ್ನು ಕೇಳುವವನಿಗೆ ಕೆಲಸದ ಕ್ರಮವೂ ತಿಳಿದಿರಬೇಕು. ತಗ್ಗು ತುಂಬಲು ಬಂದವರನ್ನು ‘ಎಂದು ಮುಗಿಯುತ್ತದೆ?’ ಎಂದು ಕೇಳುವುದಕ್ಕಿಂತ ‘ಅಂಚು ಕಡಿದಿರಾ? ತಳ ಒಣಗಿದೆಯೇ? ಮಿಶ್ರಣ ಬಿಸಿಯಿದೆಯೇ? ನೀರು ಎತ್ತ ಹೋಗುತ್ತದೆ?’ ಎಂದು ಕೇಳುವ ಊರಿನಲ್ಲಿ ತೇಪೆ ಹೆಚ್ಚು ದಿನ ಬಾಳುತ್ತದೆ. ಈ ನಾಲ್ಕು ಪ್ರಶ್ನೆಗಳನ್ನು ಕಲಿತ ವಿದ್ಯಾರ್ಥಿಯು ನಾಳೆ ಇಂಜಿನಿಯರನಾದರೂ ಸರಿ, ಒಕ್ಕಲಿಗನಾದರೂ ಸರಿ, ದಾರಿಹೋಕರ ಪ್ರಾಣಕ್ಕೆ ಕಾವಲಾಗುತ್ತಾನೆ.