ಅರ್ಥಶಾಸ್ತ್ರದ "ನೀವೀ" ಶಬ್ದವೂ ಜನಪದದ ಆಡಳಿತವೂ

ಕಾವ್ಯಪಾಠಕರಿಗೆ "ನೀವೀ" ಎಂದೊಡನೆ ಸ್ತ್ರೀಯರ ಉಡೆಯ ಗಂಟು ನೆನಪಿಗೆ ಬರುವುದು ಸಹಜ. ಕೋಶವನ್ನು ನೋಡಿದವರು ಮೂಲಧನವೆಂಬ ಬೇರೊಂದು ಅರ್ಥವನ್ನೂ ಬಲ್ಲರು. ಅಮರಸಿಂಹನು ಈ ಶಬ್ದವನ್ನು ಪರಿಪಣ, ಮೂಲಧನಗಳೊಡನೆ ಪಠಿಸಿದ್ದಾನೆ. ನಾಸಿಕದ ಗುಹಾಶಾಸನದಲ್ಲಿ ಉಷವದಾತನು 3000 ಕಾರ್ಷಾಪಣಗಳನ್ನು ಗೋವರ್ಧನದ ನೇಕಾರರ ಶ್ರೇಣಿಗಳಲ್ಲಿ "ಅಕ್ಷಯನೀವಿ"ಯಾಗಿ ಇರಿಸಿದನೆಂದು ಹೇಳಿರುವಲ್ಲಿ ಈ ಅರ್ಥವೇ ಹೊಂದುತ್ತದೆ: ಬಡ್ಡಿಯು ಮಾತ್ರ ವಿನಿಯೋಗವಾಗತಕ್ಕದ್ದು, ಮೂಲವನ್ನು ಮುಟ್ಟತಕ್ಕದ್ದಲ್ಲ. ಆದರೆ ಇದೇ ಅರ್ಥವನ್ನು ಕೌಟಿಲ್ಯನ ಅರ್ಥಶಾಸ್ತ್ರಕ್ಕೂ ಕೊಂಡೊಯ್ದರೆ, ಅಧ್ಯಕ್ಷಪ್ರಚಾರವೆಂಬ ಎರಡನೆಯ ಅಧಿಕರಣದ ತಿರುಳೇ ಕೈತಪ್ಪಿಹೋಗುವುದು.

ಈ ಗ್ರಂಥವು ತಂಜಾವೂರು ಸೀಮೆಯ ಪಂಡಿತರೊಬ್ಬರಿಂದ ಮೈಸೂರಿನ ಓರಿಯಂಟಲ್ ಲೈಬ್ರರಿಗೆ 1905ರಲ್ಲಿ ಬಂದ ಪ್ರತಿಯ ಮೂಲಕ ಬೆಳಕಿಗೆ ಬಂದುದೂ, ಶಾಮಶಾಸ್ತ್ರಿಗಳಿಂದ 1909ರಲ್ಲಿ ಮುದ್ರಿತವಾದುದೂ ವಿದ್ವಾಂಸರಿಗೆ ವಿದಿತವೇ ಆಗಿದೆ. ಇದರ ಕಾಲವನ್ನು ಕುರಿತ ಮತಭೇದವು ಇನ್ನೂ ಅಡಗಿಲ್ಲ. ಪ್ರಕೃತ ವಿಚಾರಕ್ಕೆ ಅದರ ನಿರ್ಣಯವು ಬೇಕಾಗಿಯೂ ಇಲ್ಲ.

ಜನಪದದ ಕಟ್ಟು ಹೀಗಿದೆ. ನೂರಕ್ಕೆ ಕಡಿಮೆಯಿಲ್ಲದ, ಐನೂರಕ್ಕೆ ಮೀರದ ಕುಲಗಳುಳ್ಳದ್ದು ಗ್ರಾಮ. ಅಂತಹ 10 ಗ್ರಾಮಗಳಿಗೆ ಸಂಗ್ರಹಣ, 200ಕ್ಕೆ ಕಾರ್ವಟಿಕ, 400ಕ್ಕೆ ದ್ರೋಣಮುಖ, 800ಕ್ಕೆ ಸ್ಥಾನೀಯ. (ಬನವಾಸಿ 12000, ಬೆಳ್ವೊಲ 300 ಎಂಬ ನಮ್ಮ ಶಾಸನಗಳ ಸಂಖ್ಯೆಗಳನ್ನು ಇವಕ್ಕೆ ಗಂಟುಹಾಕುವ ಆತುರವು ಯುಕ್ತವಲ್ಲ, ಅದಕ್ಕೆ ಬೇರೆಯೇ ಪ್ರಮಾಣವು ಬೇಕು.) ಸಮಾಹರ್ತೃವು ಜನಪದವನ್ನು ನಾಲ್ಕಾಗಿ ವಿಭಾಗಿಸುವನು, ಒಂದೊಂದು ಭಾಗಕ್ಕೆ ಒಬ್ಬ ಸ್ಥಾನಿಕ, ಅವನ ಕೆಳಗೆ ಐದು ಅಥವಾ ಹತ್ತು ಗ್ರಾಮಗಳಿಗೆ ಒಬ್ಬ ಗೋಪ. ಗ್ರಾಮದ ಎಲ್ಲೆ, ಉತ್ತ ನೆಲ, ಉಳದ ನೆಲ, ತೆರಿಗೆಯ ಮನೆ, ತೆರಿಗೆಯಿಲ್ಲದ ಮನೆ, ಜನರ ವೃತ್ತಿ, ದನಕರುಗಳ ಎಣಿಕೆ, ಕೊನೆಗೆ ಕುಟುಂಬಗಳ ಆಯವ್ಯಯ, ಇಷ್ಟನ್ನೂ ಗೋಪನು ಬರೆದಿಡಬೇಕು. ಅವನು ಬರೆದುದನ್ನು ಗೃಹಸ್ಥವೇಷದ ಗೂಢಪುರುಷರು ಮತ್ತೆ ಎಣಿಸುವರು!

ಹೀಗೆ ಕೆಳಗಿನಿಂದ ಬರೆದು ಬಂದ ಲೆಕ್ಕವು ಸೇರುವ ಸ್ಥಾನವೇ ಅಕ್ಷಪಟಲ. ಅದರ ಬಾಗಿಲು ಪೂರ್ವಕ್ಕೋ ಉತ್ತರಕ್ಕೋ ಇರತಕ್ಕದ್ದು. ಲೆಕ್ಕದ ವರ್ಷವು 354 ಅಹೋರಾತ್ರಗಳದು. ಆಷಾಢದ ಹುಣ್ಣಿಮೆಗೆ ಮುಗಿಯುತ್ತದೆ. ಆಗ ಲೆಕ್ಕಿಗರೆಲ್ಲರೂ ಮುದ್ರೆಯೊತ್ತಿದ ಪುಸ್ತಕಗಳನ್ನೂ ನೀವಿಯನ್ನೂ ತೆಗೆದುಕೊಂಡು ಬರಬೇಕು. ಬಂದವರು ತಮ್ಮತಮ್ಮಲ್ಲಿ ಮಾತನಾಡಕೂಡದು. ವರ್ಷವೆಲ್ಲ ವ್ಯವಹಾರದಲ್ಲಿ ತೊಡಗಿದ್ದ ಮೂಲಧನವನ್ನು ಲೆಕ್ಕಿಗನು ಹೊತ್ತು ತರುವುದೆಂದರೆ ಅರ್ಥವೇ ಕೂಡುವುದಿಲ್ಲ. ಇದಕ್ಕಿಂತ ಬಲವಾದ ಸಾಧನವು ಅಲ್ಲಿಯೇ ಮುಂದಿದೆ. ಪರಿಶೋಧನೆಯಲ್ಲಿ ಆಯವು ಹೆಚ್ಚೆಂದು ಕಂಡು ನೀವಿಯು ಬೆಳೆದರೆ, ಇಲ್ಲವೆ ವ್ಯಯವು ತೋರಿಸಿದುದಕ್ಕಿಂತ ಕಡಿಮೆಯೆಂದು ಕಂಡರೆ, ಆ ಅಂತರದ ಎಂಟರಷ್ಟನ್ನು ಅಧ್ಯಕ್ಷನಿಂದ ಕೊಡಿಸಬೇಕೆಂದು ವಿಧಿಯಿದೆ. ಆಯವು ಏರಿದಾಗ ಏರುವುದು ಮೂಲಧನವಲ್ಲ, ಉಳಿಕೆ. ಆಯದಿಂದ ವ್ಯಯವನ್ನು ಕಳೆದು ಶುದ್ಧವಾಗಿ ನಿಂತದ್ದೇ ನೀವಿ. ಅದರಲ್ಲಿ ಕೈಗೆ ಬಂದುದು "ಪ್ರಾಪ್ತ"ವೆಂದೂ, ಮುಂದಕ್ಕೆ ಸಾಗಿದುದು "ಅನುವೃತ್ತ"ವೆಂದೂ ಗ್ರಂಥಕಾರನೇ ವಿಭಾಗಿಸಿದ್ದಾನೆ. ಕನ್ನಡದಲ್ಲಿ ಇದಕ್ಕೆ ಹೊಸ ಶಬ್ದವನ್ನು ಹುಡುಕಬೇಕಾದುದಿಲ್ಲ. ಹಿಂದಿನ ಶ್ಯಾನುಭೋಗರ ಕಡತಗಳ "ಶಿಲ್ಕು" ಎಂಬುದು ಯಥಾವತ್ತಾಗಿ ಇದೇ ಆಗಿದೆ.

ಅಧಿಕಾರಿಗಳ ಧನಾಪಹಾರವನ್ನು ನೀರಿನೊಳಗಿನ ಮೀನಿಗೆ ಹೋಲಿಸಿದ ಶ್ಲೋಕವು ಎಲ್ಲರ ಬಾಯಲ್ಲಿಯೂ ಇದೆ. ಅದಕ್ಕೆ ಹಿಂದಿನ ಅಧ್ಯಾಯದಲ್ಲಿ, ಶುಷ್ಕ ಗದ್ಯದಲ್ಲಿ, ಅಪಹಾರದ ನಲವತ್ತು ಉಪಾಯಗಳನ್ನು ಎಣಿಸಿರುವುದನ್ನು ಓದುವವರು ವಿರಳ. ಮೊದಲು ಬಂದುದನ್ನು ತಡವಾಗಿ ಬರೆಯುವುದು, ಒಬ್ಬನು ಕೊಟ್ಟುದನ್ನು ಇನ್ನೊಬ್ಬನ ಹೆಸರಿನಲ್ಲಿ ಬರೆಯುವುದು ಮುಂತಾದವುಗಳಲ್ಲಿ ಬಹುಭಾಗ ಲೇಖನಿಯ ಕೆಲಸವೇ ಹೊರತು ಕನ್ನಗಳ್ಳತನವಲ್ಲ.

ಭೃತ್ಯಭರಣೀಯದಲ್ಲಿ ನೌಕರವರ್ಗಕ್ಕೆ ಆದಾಯದ ನಾಲ್ಕನೆಯ ಒಂದು ಭಾಗವನ್ನು ಮಿತಿಯಾಗಿ ಹೇಳಿದೆ. ಸಮಾಹರ್ತೃವಿಗೆ 24000 ಪಣ, ಪ್ರದೇಷ್ಟೃವಿಗೆ 8000, ಲೆಕ್ಕ ಹಾಕುವ ಸಂಖ್ಯಾಯಕನಿಗೂ ಬರೆಯುವ ಲೇಖಕನಿಗೂ 500. ಕೆಲಸದಲ್ಲಿ ಮೃತನಾದವನ ಹೆಂಡಿರು ಮಕ್ಕಳಿಗೆ ಅನ್ನವೇತನಗಳು ಸಲ್ಲುವುದು ಉದಾರವಾದ ವಿಧಿ. ಆದರೂ ಸಮಸ್ತವೂ ಯಾರ ಬರೆಹದ ಮೇಲೆ ನಿಂತಿದೆಯೋ ಅವನಿಗೆ ಮೇಲಿನವನ ನಲವತ್ತೆಂಟರಲ್ಲಿ ಒಂದು ಪಾಲನ್ನು ಗೊತ್ತುಮಾಡಿ, ಬಳಿಕ ಅವನ ಮೋಸಗಳನ್ನು ನಲವತ್ತಾಗಿ ಎಣಿಸುವುದು ವಿಚಿತ್ರವೇ ಸರಿ.

ನ್ಯಾಯಸ್ಥಾನದಲ್ಲಿಯೂ ಇದೇ ಕ್ರಮವನ್ನು ಕಾಣಬಹುದು. ಸಂಗ್ರಹಣ, ದ್ರೋಣಮುಖ, ಸ್ಥಾನೀಯಗಳಲ್ಲಿ ಮೂವರು ಮೂವರು ಧರ್ಮಸ್ಥರು ಕುಳಿತು ವ್ಯವಹಾರಗಳನ್ನು ನೋಡುವರು. ವರ್ಷ, ಋತು, ಮಾಸ, ಪಕ್ಷ, ದಿನ, ಋಣ, ವಾದಿಪ್ರತಿವಾದಿಗಳ ಊರು, ಗೋತ್ರ, ಹೆಸರು, ಇವನ್ನು ಮೊದಲು ಬರೆಯಿಸಬೇಕು. ವಾದಿಯನ್ನು ಗದರಿಸುವ ಅಥವಾ ಹೊರಗಟ್ಟುವ ಧರ್ಮಸ್ಥನಿಗೆ ಪೂರ್ವಸಾಹಸದಂಡ. ಆಡಿದುದನ್ನು ಬರೆಯದ, ಆಡದುದನ್ನು ಬರೆಯುವ ಲೇಖಕನಿಗೂ ಅದೇ. ತಪ್ಪಾಗಿ ಆಡಿದ ಮಾತನ್ನು ತಿದ್ದಿ ಬರೆದವನೂ ಇದರಿಂದ ತಪ್ಪಿಸಿಕೊಳ್ಳಲಾರನು. ಕರುಣೆಯಿಂದ ತಿದ್ದಿದರೂ ತಿದ್ದುವಿಕೆಯೇ. ನಿರಪರಾಧಿಗೆ ಹಣದ ದಂಡವನ್ನು ವಿಧಿಸಿದ ಧರ್ಮಸ್ಥನು ಅದರ ಎರಡರಷ್ಟನ್ನು ತೆರಬೇಕು. ವಿಹಿತವಾದ ದಂಡಕ್ಕೆ ಹೆಚ್ಚಾಗಿಯೋ ಕಡಿಮೆಯಾಗಿಯೋ ವಿಧಿಸಿದ್ದರೆ ಆ ಅಂತರದ ಎಂಟರಷ್ಟನ್ನು, ಅಂದರೆ ನೀವಿಯಲ್ಲಿ ಅಂತರವನ್ನು ಮಾಡಿದ ಅಧ್ಯಕ್ಷನು ತೆರುವಷ್ಟನ್ನೇ.