ಗಂಡ-ಹೆಂಡಿರ ಜಗಳ ಬಿಡಿಸಲು ಲೈಸೆನ್ಸು ಬೇಡವೆ?

ಬಸ್ಸಿನಲ್ಲಿ ಟಿಕೆಟ್ ಹರಿಯುವ ಕಂಡಕ್ಟರಿಗೆ ಲೈಸೆನ್ಸು ಬೇಕು. ಸ್ಟ್ಯಾಂಡಿನ ಮೂಲೆಯಲ್ಲಿ ಬೋಂಡ ಕರಿಯುವವನಿಗೆ ಆಹಾರ ಸುರಕ್ಷತೆಯವರ ನೋಂದಣಿ ಬೇಕು. ಮೆಡಿಕಲ್ ಶಾಪಿನಲ್ಲಿ ಚೀಟಿ ನೋಡಿ ಮಾತ್ರೆ ಕೊಡಬೇಕಾದರೆ 1948ರ ಫಾರ್ಮಸಿ ಕಾಯಿದೆ ಪ್ರಕಾರ ರಿಜಿಸ್ಟರಾದ ಫಾರ್ಮಸಿಸ್ಟ್ ಇರಲೇಬೇಕು. ಕಟಿಂಗ್ ಶಾಪಿನವನೂ ಮುನಿಸಿಪಾಲಿಟಿಗೆ ದುಡ್ಡು ಕಟ್ಟಿ, ಕಾಗದ ತಂದು, ಕನ್ನಡಿ ಪಕ್ಕ ನೇತುಹಾಕಿರುತ್ತಾನೆ.

ಅದೇ ಕಟಿಂಗ್ ಶಾಪಿನ ಮಹಡಿ ಮೇಲೆ ಒಬ್ಬರು ‘ಮ್ಯಾರೇಜ್ ಕೌನ್ಸೆಲರ್, ಕೌಟುಂಬಿಕ ಸಮಸ್ಯೆಗಳಿಗೆ ಪರಿಹಾರ’ ಎಂದು ಬೋರ್ಡು ಬರೆಸಿದರೆ? ಅವರು ಏನು ಓದಿರಬೇಕು? ಪರವಾನಗಿ ಕೊಡುವವರು ಯಾರು?

ಯಾರೂ ಇಲ್ಲ ಸ್ವಾಮಿ! ಆ ಹೆಸರಿನ ಕಸುಬಿಗೆಂದೇ ನಮ್ಮ ದೇಶದಲ್ಲಿ ಬೇರೆ ಲೈಸೆನ್ಸು ಇಲ್ಲ. ಮುನಿಸಿಪಾಲಿಟಿ ಕಾಗದ ಇದ್ದರೂ ಅದು ಅಂಗಡಿಗೆ ಕೊಟ್ಟದ್ದು, ತಲೆಗೆ ಕೊಟ್ಟದ್ದಲ್ಲ.

ಹೀಗೆಂದಿಟ್ಟುಕೊಳ್ಳಿ. ಒಬ್ಬ ಜವಳಿ ಅಂಗಡಿಯವನು. ಗೌರಿ ಹಬ್ಬಕ್ಕೆ ತವರಿಗೆ ಹೋದ ಹೆಂಡತಿ ದೀಪಾವಳಿ ಕಳೆದರೂ ವಾಪಸು ಬಂದಿಲ್ಲ. ದೊಡ್ಡಪ್ಪ ಹೋಗಿ ಮಾತಾಡಿದ್ದಾಯಿತು, ಸೋದರಮಾವ ಹೋಗಿದ್ದಾಯಿತು. ಕೊನೆಗೆ ಪಕ್ಕದ ಪಾತ್ರೆ ಅಂಗಡಿಯವರು, “ಅಲ್ಲೊಬ್ರು ಇದ್ದಾರಂತೆ ಅಣ್ಣಾ, ಒಂದ್ಸಲ ತೋರಿಸಿ ನೋಡಿ” ಅನ್ನುತ್ತಾರೆ. ಇವನು ಮಹಡಿ ಹತ್ತುತ್ತಾನೆ. ಮೊದಲ ದಿನ ಫೀಸು, ಎರಡನೇ ದಿನ ಫೀಸು. ಅಮ್ಮನಿಗೂ ಹೇಳದ ಸಂಗತಿಗಳನ್ನೆಲ್ಲ ಹೊರಗೆ ಹಾಕುತ್ತಾನೆ: ಚೀಟಿ ವ್ಯವಹಾರದಲ್ಲಿ ಕಳೆದದ್ದು, ಅವಳ ಬಳೆ ಅಡವಿಟ್ಟದ್ದು, ಎಲ್ಲ. ಮೂರನೇ ವಾರ ಅದೇ ಸಂಗತಿ ಭಾವಮೈದುನನ ಬಾಯಲ್ಲಿ!

ಆಗ ಇವನು ಯಾರನ್ನು ಕೇಳಬೇಕು? ವಕೀಲರಿಗೆ ಹೇಳಿದ ಗುಟ್ಟಿಗೆ ಸಾಕ್ಷ್ಯ ಕಾನೂನಿನ ರಕ್ಷೆ ಇದೆ. ವಕೀಲರು ತಪ್ಪಿ ನಡೆದರೆ ದೂರು ಕೊಡಲು ಬಾರ್ ಕೌನ್ಸಿಲ್ ಇದೆ. ಡಾಕ್ಟರ ಮೇಲೆ ಮೆಡಿಕಲ್ ಕೌನ್ಸಿಲ್ ಇದೆ. ಬರೀ ಬೋರ್ಡಿನ ಸಲಹೆಗಾರರ ಸನ್ನದು ಕಿತ್ತುಕೊಳ್ಳುವವರು ಯಾರೂ ಇಲ್ಲ. ಸನ್ನದು ಇದ್ದರಲ್ಲವೆ ಕಿತ್ತುಕೊಳ್ಳುವುದು!

ಹಾಗಂತ ಕಾನೂನು ಪೂರ್ತಿ ಕಣ್ಣು ಮುಚ್ಚಿದೆ ಅನ್ನುವಂತಿಲ್ಲ. ‘ಕ್ಲಿನಿಕಲ್ ಸೈಕಾಲಜಿಸ್ಟ್’ ಅಂದರೆ ಚಿಕಿತ್ಸಾ ಮನೋವಿಜ್ಞಾನಿ ಎಂದು ಬರೆಸಿಕೊಂಡು ಕೆಲಸ ಮಾಡಬೇಕಾದರೆ ಭಾರತೀಯ ಪುನರ್ವಸತಿ ಮಂಡಳಿಯ ಕೇಂದ್ರ ರಿಜಿಸ್ಟರಿನಲ್ಲಿ ಹೆಸರಿರಬೇಕು. ಬರೀ ಮನಶ್ಶಾಸ್ತ್ರದ ಎಂ.ಎ. ಸಾಲದು. ಅದರ ಮೇಲೆ ಹಿರಿಯರ ಕೈಕೆಳಗೆ ರೋಗಿಗಳ ಜೊತೆ ಎರಡು ವರ್ಷ ಪೂರ್ಣಾವಧಿ ತರಬೇತಿಯಾಗಿ ಎಂ.ಫಿಲ್. ಪಡೆದಿರಬೇಕೆಂಬ ಮಾತು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯಲ್ಲೇ ಇದೆ. ಇಲ್ಲವೆ ಮಂಡಳಿ ಒಪ್ಪಿದ ಬೇರೆ ಅರ್ಹತೆ ಬೇಕು. ಹೆಸರಿಲ್ಲದೆ ಕೆಲಸ ಮಾಡಿದರೆ 1992ರ ಪುನರ್ವಸತಿ ಮಂಡಳಿ ಕಾಯಿದೆ ಪ್ರಕಾರ ಒಂದು ವರ್ಷದವರೆಗೆ ಜೈಲು, ಅಥವಾ ದಂಡ, ಅಥವಾ ಎರಡೂ. ದಂಡ ಎಷ್ಟು ಅಂತೀರಾ? ಹೆಚ್ಚೆಂದರೆ 1000 ರೂಪಾಯಿ. ಎರಡು ದಿನದ ಫೀಸಿನಲ್ಲಿ ಕಟ್ಟಿ ಎದ್ದುಬರಬಹುದು.

ಇಷ್ಟಕ್ಕೂ ‘ಕ್ಲಿನಿಕಲ್’ ಅನ್ನೋ ಒಂದು ಶಬ್ದ ಬಿಟ್ಟು ಬರೀ ‘ಕೌನ್ಸೆಲರ್’ ಎಂದು ಬರೆಸಿದರೆ ಈ ಬಲೆಯಿಂದ ನುಣುಚಿಕೊಂಡಂತೆಯೇ. ಬೋರ್ಡು ಬರೆಯುವ ಪೇಂಟರನಿಗೂ ಅಕ್ಷರ ಕಡಿಮೆ.

2021ರಲ್ಲಿ ಪಾರ್ಲಿಮೆಂಟು ಇನ್ನೊಂದು ಕಾಯಿದೆ ಮಾಡಿತು. ಡಾಕ್ಟರು, ನರ್ಸು ಮುಂತಾದವರನ್ನು ಬಿಟ್ಟು ಉಳಿದ ಅನೇಕ ಆರೋಗ್ಯ ಕಸುಬಿನವರನ್ನು ರಿಜಿಸ್ಟರಿಗೆ ತರುವ ಕಾಯಿದೆ ಅದು. ಅದರ ಪಟ್ಟಿಯಲ್ಲಿ ಮನೋವಿಜ್ಞಾನಿಗಳಿದ್ದಾರೆ, ಆಸ್ಪತ್ರೆಯ ಸಮಾಜ ಕಾರ್ಯಕರ್ತರಿದ್ದಾರೆ, ಕುಟುಂಬ ಯೋಜನೆ ಸಲಹೆಗಾರರೂ ಇದ್ದಾರೆ. ದಾಂಪತ್ಯ ಸಲಹೆಗಾರರ ಹೆಸರು ಮಾತ್ರ ಬೇರೆಯಾಗಿ ಇಲ್ಲ. ಮಕ್ಕಳೆಷ್ಟು ಬೇಕು ಎಂದು ಹೇಳುವವರು ಲೆಕ್ಕಕ್ಕೆ ಸಿಕ್ಕರು, ಗಂಡ ಹೆಂಡತಿ ಒಟ್ಟಿಗೆ ಇರುವುದು ಹೇಗೆ ಎಂದು ಹೇಳುವವರು ಸಿಗಲಿಲ್ಲ.

ಅಮೆರಿಕದಲ್ಲಿ ಹೀಗಿಲ್ಲ. ಅಲ್ಲಿ ಕ್ಯಾಲಿಫೋರ್ನಿಯ ರಾಜ್ಯ 1963ರಲ್ಲೇ ಈ ಕಸುಬಿಗೆ ಲೈಸೆನ್ಸು ತಂದಿತು. 2009ರ ಹೊತ್ತಿಗೆ 50 ರಾಜ್ಯಗಳಲ್ಲೂ ಬಂತು. ಕ್ಯಾಲಿಫೋರ್ನಿಯದಲ್ಲಿ ಸ್ನಾತಕೋತ್ತರ ಪದವಿ ಆಗಬೇಕು, ಲೈಸೆನ್ಸು ಇರುವವರ ಕಣ್ಣಳತೆಯಲ್ಲಿ 3000 ಗಂಟೆ ದುಡಿಯಬೇಕು, ಅದೂ 104 ವಾರಕ್ಕೆ ಕಡಿಮೆ ಇಲ್ಲದಂತೆ. ಬೆರಳಚ್ಚು ಕೊಡಬೇಕು. ಆಮೇಲೆ ಎರಡು ಪರೀಕ್ಷೆ, ಒಂದು ಕಾನೂನು ಮತ್ತು ನೀತಿಯದು, ಇನ್ನೊಂದು ಕಸುಬಿನದು. ಪಾಸಾದರೂ ಮುಗಿಯಲಿಲ್ಲ, ಎರಡು ವರ್ಷಕ್ಕೊಮ್ಮೆ ನವೀಕರಣ. ಅಷ್ಟೆಲ್ಲ ಇದ್ದೂ ಅಲ್ಲಿ ಡೈವೋರ್ಸು ನಿಂತಿಲ್ಲ ಅನ್ನಿ. ಮೋಸ ಹೋದವನಿಗೆ ದೂರು ಕೊಡಲು ಒಂದು ಆಫೀಸಂತೂ ಇದೆ.

ನಮ್ಮಲ್ಲಿ ಕೋರ್ಟಿನ ಒಳಗೆ ವ್ಯವಸ್ಥೆ ಉಂಟು. 1984ರ ಕುಟುಂಬ ನ್ಯಾಯಾಲಯ ಕಾಯಿದೆ ಪ್ರಕಾರ ಕೇಸು ಬಂದರೆ ಜಡ್ಜಿಯವರು ಮೊದಲು ರಾಜಿಗೆ ಪ್ರಯತ್ನ ಮಾಡಲೇಬೇಕು. ಅದಕ್ಕೆ ಸಲಹೆಗಾರರನ್ನು ಗೊತ್ತುಮಾಡುವ ಹೊಣೆ ಹೈಕೋರ್ಟಿನೊಡನೆ ವಿಚಾರಿಸಿ ರಾಜ್ಯ ಸರ್ಕಾರದ್ದು. 2005ರ ಕೌಟುಂಬಿಕ ದೌರ್ಜನ್ಯ ಕಾಯಿದೆಯಲ್ಲೂ ಮ್ಯಾಜಿಸ್ಟ್ರೇಟರು ಸಲಹೆಗಾರರ ಬಳಿ ಕಳಿಸಬಹುದು. ಆ ನಿಯಮಗಳಲ್ಲಿ ಒಂದು ಒಳ್ಳೆಯ ಮಾತಿದೆ: ಎರಡು ಕಡೆಯವರಲ್ಲಿ ಯಾರಿಗಾದರೂ ನೆಂಟರಾದವರು ಸಲಹೆಗಾರರಾಗುವಂತಿಲ್ಲ, ಇಬ್ಬರೂ ಬರೆದುಕೊಟ್ಟು ಒಪ್ಪಿದರೆ ಬೇರೆ ಮಾತು. ದೊಡ್ಡಪ್ಪನ ಪಂಚಾಯಿತಿ ಯಾಕೆ ಬಗೆಹರಿಯಲಿಲ್ಲ ಅನ್ನುವುದಕ್ಕೆ ಉತ್ತರ ಇಲ್ಲೇ ಇರಬಹುದು.

ಹೊಡೆತ ಬಡಿತ ನಡೆದಿದ್ದರೆ ಮಾತ್ರ ಮಹಡಿ ಮೆಟ್ಟಿಲು ಹತ್ತುವ ಕೆಲಸವೇ ಬೇಡ. ಅಂಥ ಹೆಣ್ಣುಮಗಳಿಗೆ 181 ಸಹಾಯವಾಣಿ ಇದೆ, ಸಂರಕ್ಷಣಾಧಿಕಾರಿ ಇದ್ದಾರೆ. “ಸ್ವಲ್ಪ ಹೊಂದಿಕೊಂಡು ಹೋಗಮ್ಮಾ” ಅನ್ನುವುದಕ್ಕೆ ಫೀಸು ತೆಗೆದುಕೊಳ್ಳುವವರೂ ಇದ್ದಾರೆ, ಎಚ್ಚರ.

ಉಳಿದಂತೆ, ಕಾಸು ಬಿಚ್ಚುವ ಮೊದಲು ಬಾಯಿ ಬಿಚ್ಚಿ ಕೇಳಿದರೆ ತಪ್ಪೇನಿಲ್ಲ. “ನಿಮ್ಮ ಪುನರ್ವಸತಿ ಮಂಡಳಿ ನಂಬರು ಏನು ಸಾರ್? ಎಲ್ಲಿ ತರಬೇತಿ ಆಯ್ತು?” ಸರಿಯಾಗಿ ಕಲಿತವರು ಇದಕ್ಕೆ ಮುಖ ಕೆಂಪು ಮಾಡುವುದಿಲ್ಲ. ನಂಬರು ಇಲ್ಲದೆಯೂ ಸಮಾಜ ಕಾರ್ಯದ ಎಂ.ಎಸ್.ಡಬ್ಲ್ಯೂ. ಓದಿ, ಆಸ್ಪತ್ರೆಯಲ್ಲಿ ಪಳಗಿ, ಚೆನ್ನಾಗಿ ಕೆಲಸ ಮಾಡುವವರು ಇದ್ದಾರೆ, ಅವರನ್ನು ಬೋರ್ಡಿನವರ ಸಾಲಿಗೆ ಸೇರಿಸುವುದು ಅನ್ಯಾಯ. ಅಂಥವರೂ ಎಲ್ಲಿ ಕಲಿತೆವು ಎಂದು ಹೇಳುತ್ತಾರೆ. ಉತ್ತರ ಜಾತಕದ ಕಡೆ ತಿರುಗಿದರೆ ಕೊಡೆ ತೆಗೆದುಕೊಂಡು ಇಳಿದುಬರಬಹುದು.

ಇನ್ನೊಂದು, ರಸೀದಿ. ಅಂಗಡಿಯವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಫೀಸು ಕೊಟ್ಟು ಪಡೆದ ಸೇವೆಯಲ್ಲಿ ಲೋಪವಾದರೆ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಡಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ಎರಡು ವರ್ಷದೊಳಗೆ ಹೋಗಬಹುದು. ಕೊಟ್ಟ ಹಣ 5 ಲಕ್ಷದ ಒಳಗಿದ್ದರೆ ದೂರಿಗೆ ಶುಲ್ಕವೂ ಇಲ್ಲ. ರಸೀದಿ ಇಲ್ಲದಿದ್ದರೆ ಕೊಟ್ಟದ್ದಕ್ಕೆ ಸಾಕ್ಷಿ ದೇವರೊಬ್ಬನೇ, ಅವನು ಆಯೋಗಕ್ಕೆ ಬರುವುದಿಲ್ಲ.

ದುಡ್ಡಿಲ್ಲದವರು ಏನು ಮಾಡಬೇಕು? ಹಳ್ಳಿ ಆಸ್ಪತ್ರೆಯವರೆಗೂ ಮಾನಸಿಕ ಚಿಕಿತ್ಸೆ ಒಯ್ಯುವ ಪ್ರಯೋಗವನ್ನು ಬೆಂಗಳೂರಿನ ನಿಮ್ಹಾನ್ಸ್ 1985ರಲ್ಲಿ ಶುರು ಮಾಡಿದ್ದೇ ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ. ಅದೇ ಮಾದರಿ 1996ರಿಂದ ದೇಶಕ್ಕೆಲ್ಲ ಹೋಯಿತು. ಜಿಲ್ಲಾ ಆಸ್ಪತ್ರೆಯ ಮಾನಸಿಕ ವಿಭಾಗದಲ್ಲಿ ಹೊರರೋಗಿ ಚೀಟಿ ಮಾಡಿಸಿ ವಿಚಾರಿಸಬಹುದು. ಕ್ಯೂನಲ್ಲಿ ಗುರುತಿನವರು ಸಿಕ್ಕಾರೆಂಬ ಸಂಕೋಚವಿದ್ದರೆ 14416ಕ್ಕೆ ಫೋನು ಮಾಡಬಹುದು. 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ ಮಾನಸ್ ಅದು. ಹಗಲು ರಾತ್ರಿ ಎತ್ತುತ್ತಾರೆ, ಕನ್ನಡದಲ್ಲೇ ಮಾತಾಡಬಹುದು, ಫೀಸಿಲ್ಲ. ಅಂಗಡಿ ಷಟರು ಎಳೆದ ಮೇಲೂ ಮಾಡಬಹುದು.